ಸಂಬಳ ನಿಂತ ಮನೆಯ ಬಾಡಿಗೆ ಲೆಕ್ಕ

ಬಾಡಿಗೆ ಮನೆಯಲ್ಲಿರುವವರ ಕೆಲಸ ಹೋದರೆ ಮೊದಲು ಎದುರು ನಿಲ್ಲುವುದು ಮುಂದಿನ ತಿಂಗಳ ಐದನೇ ತಾರೀಕು. ಬೆಂಗಳೂರಿನ ಬಾಡಿಗೆ ಕರಾರುಗಳಲ್ಲಿ ಸಾಮಾನ್ಯವಾಗಿ ಐದರಿಂದ ಹತ್ತನೇ ತಾರೀಕಿನೊಳಗೆ ಬಾಡಿಗೆ ಸಲ್ಲಬೇಕೆಂದು ಬರೆದಿರುತ್ತದೆ. ವೈಯಕ್ತಿಕ ಸಾಲದ ಕಂತು, ಕ್ರೆಡಿಟ್ ಕಾರ್ಡಿನ ಬಿಲ್ಲು, ಚೀಟಿಯ ಹಣ ಎಲ್ಲವೂ ಸಂಬಳದ ದಿನವನ್ನೇ ನೆಚ್ಚಿಕೊಂಡು ಅದೇ ವಾರಕ್ಕೆ ಹೊಂದಿಸಿಟ್ಟವು. ಸ್ವಂತ ಮನೆ ಇದ್ದವರಿಗೆ ಮಾರಲು, ಅಡವಿಡಲು, ಕೊನೆಗೆ ಬ್ಯಾಂಕಿನ ಜೊತೆ ಚೌಕಾಸಿ ಮಾಡಲು ಒಂದು ಆಸ್ತಿಯಾದರೂ ಇರುತ್ತದೆ. ಬಾಡಿಗೆದಾರರ ಕೈಯಲ್ಲಿರುವುದು ಮಾಲೀಕರ ಬಳಿ ಇಟ್ಟ ಅಡ್ವಾನ್ಸ್ ಒಂದೇ, ಅದೂ ಮನೆ ಬಿಟ್ಟ ಮೇಲೆ ಬರುವಂಥದ್ದು. 2011ರ ಜನಗಣತಿಯ ಪ್ರಕಾರ ದೇಶದ ನಗರಗಳ ಶೇ 27.5ರಷ್ಟು ಕುಟುಂಬಗಳು ಬಾಡಿಗೆ ಮನೆಗಳಲ್ಲಿದ್ದವು.

ಕೆಲಸ, ಮನೆ, ಸಾಲ ಮೂರೂ ಒಂದೇ ಕುಟುಂಬದ ಮೇಲೆ ಒಂದೇ ತಿಂಗಳಲ್ಲಿ ಬೀಳುತ್ತವೆ. ಆದರೆ ಕಾನೂನು ಇವನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು ನೋಡುತ್ತದೆ. ಕೆಲಸದ ತಕರಾರಿಗೆ ಕಾರ್ಮಿಕ ಇಲಾಖೆ, ಮನೆಯದಕ್ಕೆ ಸಿವಿಲ್ ನ್ಯಾಯಾಲಯ, ಸಾಲಕ್ಕೆ ಬ್ಯಾಂಕು, ರಿಸರ್ವ್ ಬ್ಯಾಂಕಿನ ಲೋಕಪಾಲರು, ದಿವಾಳಿ ಕಾನೂನು. ಒಂದು ಕಡೆ ಮಾಡಿದ ತಪ್ಪಿನ ಪೆಟ್ಟು ಇನ್ನೊಂದು ಕಡೆ ಬೀಳುತ್ತದೆ ಎಂದು ಯಾವ ಕಚೇರಿಯೂ ಹೇಳಿ ಕಳಿಸುವುದಿಲ್ಲ. ಯಾವ ಹಣ ಮೊದಲು ಯಾರಿಗೆ ಎಂಬ ಸರದಿಯನ್ನು ಮನೆಯವರೇ ತೀರ್ಮಾನಿಸಬೇಕಾಗುತ್ತದೆ. ಆ ಸರದಿಯಲ್ಲಿ ತಲೆಯ ಮೇಲಿನ ಸೂರು ಮುಂದೆ ಬರಬೇಕು, ಕಾರ್ಡಿನ ಬಾಕಿ ಹಿಂದೆ ಸರಿಯಬೇಕು. ಹೆಚ್ಚು ಸಲ ಇದು ತಿರುಗುಮುರುಗಾಗುತ್ತದೆ. ದಿನಕ್ಕೆ ಹತ್ತು ಸಲ ಫೋನ್ ಮಾಡುವವರಿಗೆ ಹಣ ಹೋಗುತ್ತದೆ, ಸುಮ್ಮನಿರುವ ಮನೆ ಮಾಲೀಕರ ಬಾಡಿಗೆ ಬಾಕಿ ಉಳಿಯುತ್ತದೆ.

ಲೆಕ್ಕ ತಿಳಿಯಾಗಲು ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ತಿಂಗಳ ಸಂಬಳ 60,000 ರೂಪಾಯಿ, ಬಾಡಿಗೆ 18,000. ಆರು ತಿಂಗಳ ಬಾಡಿಗೆಯಷ್ಟು, ಅಂದರೆ 1,08,000 ರೂಪಾಯಿ ಅಡ್ವಾನ್ಸ್ ಮಾಲೀಕರ ಬಳಿ ಇದೆ. ವೈಯಕ್ತಿಕ ಸಾಲದ ಕಂತು 11,000, ಕಾರ್ಡಿನ ಬಾಕಿ 1,50,000. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5 ಎಂದಿಟ್ಟುಕೊಂಡರೆ ಬಡ್ಡಿಯೇ 5,250 ರೂಪಾಯಿ. ಅಕ್ಕಿ ಬೇಳೆ ತರುವ ಮೊದಲೇ ತಿಂಗಳಿಗೆ 34,250 ರೂಪಾಯಿ ಬೇಕು.

ಎದುರಿನ ಬಾಬ್ತಿನಲ್ಲಿ ಮೊದಲನೆಯದು ಬಿಟ್ಟ ಕೆಲಸದಿಂದಲೇ ಬರಬೇಕಾದ ಹಣ. ಅದು ಎಷ್ಟು ಎನ್ನುವುದು ಕೆಲಸ ಹೋದ ಬಗೆಯ ಮೇಲೆ ನಿಂತಿದೆ. ಅನೇಕ ಕಂಪನಿಗಳು ಕೆಲಸದಿಂದ ತೆಗೆಯುವ ಬದಲು, ರಾಜೀನಾಮೆ ಬರೆದುಕೊಟ್ಟರೆ ದಾಖಲೆ ಶುಭ್ರವಾಗಿರುತ್ತದೆ ಎಂದು ಒತ್ತಾಯಿಸುತ್ತವೆ. ಆ ಒಂದು ಸಹಿಯಿಂದ ಛಾಂಟಿ, ಅಂದರೆ ಉದ್ಯೋಗಕಡಿತದ, ಪರಿಹಾರದ ಹಕ್ಕು ಕೈತಪ್ಪುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಕೈಗಾರಿಕಾ ಸಂಬಂಧಗಳ ಸಂಹಿತೆ, ಒಂದು ವರ್ಷ ನಿರಂತರ ದುಡಿದ ಕಾರ್ಮಿಕರನ್ನು ಛಾಂಟಿ ಮಾಡಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳವನ್ನೂ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನೂ ಕೊಡಬೇಕೆನ್ನುತ್ತದೆ. ಹಳೆಯ 1947ರ ಕಾಯ್ದೆಯಲ್ಲೂ ಲೆಕ್ಕ ಇದೇ ಇತ್ತು. ಆರು ವರ್ಷ ದುಡಿದವರಿಗೆ ಈ ಪರಿಹಾರ ಮೂರು ತಿಂಗಳ ಸಂಬಳ. ಅದರ ಮೇಲೆ, ಮರುಕೌಶಲ ನಿಧಿಯಿಂದ ಇನ್ನೂ 15 ದಿನಗಳ ವೇತನ 45 ದಿನಗಳೊಳಗೆ ಅವರ ಖಾತೆಗೆ ಬರಬೇಕೆಂಬುದು ಹೊಸ ಸಂಹಿತೆಯ ಸೇರ್ಪಡೆ. ಮ್ಯಾನೇಜರ್ ದರ್ಜೆಯವರೂ, ಮೇಲ್ವಿಚಾರಣೆಯ ಕೆಲಸದಲ್ಲಿ ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಡೆಯುವವರೂ ಸಂಹಿತೆಯ ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಕೋಡ್ ಬರೆಯುವ, ಪರೀಕ್ಷಿಸುವ, ಲೆಕ್ಕ ಇಡುವ ಕೆಲಸದವರು ಬರುತ್ತಾರೆ. ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ಯಾರೂ ಹೊರಗುಳಿಯುವುದಿಲ್ಲ. ದಿನವೂ ಮಾಡುತ್ತಿದ್ದ ಕೆಲಸ ಯಾವುದು ಎಂಬುದನ್ನು ನೋಡಲಾಗುತ್ತದೆ. ಆ್ಯಪ್‌ಗಳ ಮೂಲಕ ಊಟ, ಸರಕು ತಲುಪಿಸುವವರಿಗೆ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದೆ. ಅವರನ್ನು ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟಿಸ್ ಕೊಡಬೇಕೆಂಬುದು ಅದರ ಒಂದು ನಿಯಮ.

ರಾಜೀನಾಮೆಯಾಗಲಿ ಛಾಂಟಿಯಾಗಲಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ‘ಫುಲ್ ಅಂಡ್ ಫೈನಲ್’ ಎಂದು 45 ದಿನ ಕಾಯಿಸುವುದು ಕಂಪನಿಗಳ ರೂಢಿಯಾಗಿತ್ತು. ಬಾಡಿಗೆ ಕಟ್ಟಬೇಕಾದವರಿಗೆ ಆ 45 ದಿನವೆಂದರೆ ಒಂದೂವರೆ ತಿಂಗಳ ಸೂರು. ಐದು ವರ್ಷ ತುಂಬಿದವರಿಗೆ ಗ್ರಾಚ್ಯುಟಿ ಸಲ್ಲುತ್ತದೆ. ನಿಗದಿತ ಅವಧಿಯ ನೇಮಕದಲ್ಲಿದ್ದವರಿಗೆ ಹೊಸ ಸಂಹಿತೆಗಳಡಿ ಒಂದು ವರ್ಷವೇ ಸಾಕು. ಲೆಕ್ಕ ಸರಳ: ಕೊನೆಯ ಮೂಲವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಮೂಲವೇತನ 30,000 ಇದ್ದು ಆರು ವರ್ಷ ದುಡಿದಿದ್ದರೆ ಸುಮಾರು 1,03,800 ರೂಪಾಯಿ. ಇದು 30 ದಿನಗಳೊಳಗೆ ಬರಬೇಕು.

ಭವಿಷ್ಯ ನಿಧಿಯ ವಿಷಯದಲ್ಲಿ ಆತುರ ಸಲ್ಲದು. ನಿಧಿಯ ಕೇಂದ್ರೀಯ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೆಗೆದುಕೊಂಡ ತೀರ್ಮಾನದಂತೆ ಕೆಲಸ ಹೋದವರು ಶೇ 75ರಷ್ಟನ್ನು ಕೂಡಲೇ ತೆಗೆಯಬಹುದು, ಉಳಿದ ಕಾಲು ಭಾಗ 12 ತಿಂಗಳ ನಂತರ. ತೆಗೆಯುವ ಮೊದಲು ತಿಳಿದಿರಬೇಕಾದ ಒಂದು ಸಂಗತಿಯಿದೆ. ನಿಧಿಯಲ್ಲಿರುವವರೆಗೆ ಈ ಹಣವನ್ನು ಸಾಲ ಕೊಟ್ಟ ಯಾರೂ ಜಪ್ತಿ ಮಾಡಿಸಲಾರರು. ಗ್ರಾಚ್ಯುಟಿಗೂ ಅಂಥದೇ ರಕ್ಷಣೆಯಿದೆ. ಬ್ಯಾಂಕ್ ಖಾತೆಗೆ ಬಂದು ಬಿದ್ದ ಮೇಲೆ ಅದು ಬೇರೆ ಹಣದ ಜೊತೆ ಬೆರೆಯುತ್ತದೆ. ಸಂಬಳದ ಖಾತೆ ಇರುವ ಬ್ಯಾಂಕಿನಿಂದಲೇ ಸಾಲ ಅಥವಾ ಕಾರ್ಡ್ ಪಡೆದಿದ್ದರೆ, ಖಾತೆಯಲ್ಲಿರುವ ಹಣವನ್ನು ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಬಾಡಿಗೆಗೆಂದು ತೆಗೆದ ಹಣ ಬೆಳಗಾಗುವಷ್ಟರಲ್ಲಿ ಕಾರ್ಡಿನ ಬಡ್ಡಿಗೆ ಜಮೆಯಾಗಿರುವುದು ಹೀಗೆಯೇ. ಸಾಲವಿಲ್ಲದ ಬೇರೆ ಬ್ಯಾಂಕಿನ ಖಾತೆಗೆ ಈ ಹಣ ಬರುವಂತೆ ಮೊದಲೇ ನೋಡಿಕೊಳ್ಳುವುದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ.

ಪೀಣ್ಯದ ಕಾರ್ಖಾನೆಗಳು, ಮೈಸೂರು ರಸ್ತೆಯ ಗಾರ್ಮೆಂಟ್‌ಗಳಂಥ ಕಡೆ ತಿಂಗಳಿಗೆ 21,000 ರೂಪಾಯಿಯೊಳಗೆ ದುಡಿಯುವವರು ಇಎಸ್‌ಐ ವ್ಯಾಪ್ತಿಯಲ್ಲಿರುತ್ತಾರೆ. ಅವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇದೆ. 2018ರಲ್ಲಿ ಆರಂಭವಾಗಿ ಕಾಲಕಾಲಕ್ಕೆ ಮುಂದುವರಿದ ಈ ಯೋಜನೆಯಡಿ ನಿರುದ್ಯೋಗಿಗೆ ದಿನದ ಸರಾಸರಿ ವೇತನದ ಅರ್ಧದಷ್ಟು ಗರಿಷ್ಠ 90 ದಿನಗಳವರೆಗೆ, ಜೀವಮಾನದಲ್ಲಿ ಒಂದು ಸಲ ಸಿಗುತ್ತದೆ. ಇದನ್ನು ಕೇಳಿ ಪಡೆಯುವವರು ಕಡಿಮೆ, ಏಕೆಂದರೆ ಇಂಥದೊಂದು ಇದೆ ಎಂದು ಕೆಲಸದ ಜಾಗದಲ್ಲಿ ಯಾರೂ ಹೇಳುವುದಿಲ್ಲ. ರಾಜ್ಯದ ಯುವನಿಧಿ ಈ ಸಂದರ್ಭಕ್ಕೆ ಒದಗುವುದಿಲ್ಲ. ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ಆ ಯೋಜನೆ ಇದ್ದ ಕೆಲಸ ಕಳೆದುಕೊಂಡವರಿಗಾಗಿ ಮಾಡಿದ್ದಲ್ಲ.

ಇನ್ನು ಮನೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದು. 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬಾಡಿಗೆ ಬಾಕಿಯಾದರೆ ನೋಟಿಸ್ ತಲುಪಿದ ಎರಡು ತಿಂಗಳೊಳಗೆ ಕಟ್ಟಿ ಮನೆ ಉಳಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಓದಿದರೆ ಸಮಾಧಾನವಾಗುವ ನಿಯಮ. ಆದರೆ ಅದೇ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ಒಂದು ಮಿತಿಯಿದೆ: ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಅದು ಮಧ್ಯಮ ವರ್ಗದ ಮನೆಯ ಬಾಡಿಗೆ. ಇವತ್ತು ಬೆಂಗಳೂರಿನಲ್ಲಿ ಆ ಹಣಕ್ಕೆ ಒಂಟಿ ಕೋಣೆ ಸಿಕ್ಕರೆ ಅದೃಷ್ಟ. ಮಿತಿಯನ್ನು ಬೆಲೆಗಳ ಜೊತೆ ಏರಿಸದೆ ಬಿಟ್ಟಿದ್ದರಿಂದ, ಬಾಡಿಗೆದಾರರಿಗೆಂದು ಮಾಡಿದ ಕಾಯ್ದೆ ನಗರದ ಬಹುಪಾಲು ಬಾಡಿಗೆದಾರರಿಗೆ ಸಿಗದಂತಾಗಿದೆ. ಈ ಇಡೀ ವಿಷಯದಲ್ಲಿ ಸರ್ಕಾರ ಸುಲಭವಾಗಿ ಸರಿಪಡಿಸಬಹುದಾದ ಲೋಪ ಇದೊಂದು.

ಹೀಗೆ ಹೊರಗುಳಿದ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅದರ 106ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿರದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು 15 ದಿನಗಳ ನೋಟಿಸ್ ಕೊಟ್ಟು ಬಿಡಿಸಬಹುದು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕು. ಆ ಖರ್ಚು ತಪ್ಪಿಸಲು 11 ತಿಂಗಳ ಕರಾರು ಬರೆಸುವುದು ರೂಢಿ. 11 ತಿಂಗಳು ಮುಗಿದು ಹೊಸದು ಬರೆಸದೆ ಬಾಡಿಗೆ ಕೊಟ್ಟುಕೊಂಡು ಹೋಗುವ ಮನೆಗಳು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತವೆ. ನೋಟಿಸಿನ ಅವಧಿ ಮುಗಿದ ಮಾತ್ರಕ್ಕೆ ಮಾಲೀಕರು ಬೀಗ ಜಡಿಯುವಂತಿಲ್ಲ, ಸಾಮಾನು ಹೊರಗೆ ಹಾಕುವಂತಿಲ್ಲ. ನ್ಯಾಯಾಲಯದಲ್ಲಿ ದಾವೆ ಹೂಡಿ ಡಿಕ್ರಿ ಪಡೆದೇ ಬಿಡಿಸಬೇಕು. ಬಲವಂತದಿಂದ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಅಲ್ಲಿ ಮನೆ ಯಾರದು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಬಾಡಿಗೆ ತಪ್ಪಿದರೆ ಕರಾರು ರದ್ದು ಎಂಬ ಷರತ್ತಿನ ಮೇಲೆ ದಾವೆ ಬಂದರೆ, ಅದೇ 1882ರ ಕಾಯ್ದೆಯ 114ನೇ ಸೆಕ್ಷನ್ ಒಂದು ಕಿಟಕಿ ತೆರೆದಿಟ್ಟಿದೆ. ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ದಾವೆಯ ಖರ್ಚು ಕಟ್ಟಿದರೆ ಅಥವಾ ಭದ್ರತೆ ಕೊಟ್ಟರೆ ನ್ಯಾಯಾಲಯ ಬಾಡಿಗೆದಾರರನ್ನು ಉಳಿಸಬಹುದು. ಉಳಿಸಲೇಬೇಕೆಂದಿಲ್ಲ, ಉಳಿಸಬಹುದು. ದಾವೆ ವರ್ಷಗಟ್ಟಲೆ ನಡೆಯುತ್ತದೆ, ಅಷ್ಟರವರೆಗೆ ಇದ್ದುಬಿಡೋಣ ಎಂಬ ಸಲಹೆ ಕೊಡುವವರು ಎಲ್ಲೆಡೆ ಇದ್ದಾರೆ. ನೋಟಿಸ್ ಮುಗಿದ ಮೇಲಿನ ಪ್ರತಿ ತಿಂಗಳಿಗೂ ಅಂದಿನ ಮಾರುಕಟ್ಟೆ ದರದ ನಷ್ಟಪರಿಹಾರ ಬೀಳಬಹುದು ಎಂಬುದನ್ನು ಅವರು ಹೇಳುವುದಿಲ್ಲ. ಸಾಲದಲ್ಲಿ ಮುಳುಗಿದವರಿಗೆ ಅದು ಇನ್ನೊಂದು ಸಾಲ.

ಅಡ್ವಾನ್ಸ್ ಈ ಸಂಸಾರದ ಅತಿ ದೊಡ್ಡ ಉಳಿತಾಯ, ಆದರೆ ಅದಕ್ಕಿರುವ ರಕ್ಷಣೆ ಅತಿ ಕಡಿಮೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬಹುಕಾಲದ ಪದ್ಧತಿ. ಈಚೆಗೆ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದು ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಶಾಸನಸಭೆಯಲ್ಲಿ ಕಾಯ್ದೆ ಮಾಡದೆ ಯಾವ ಮಾಲೀಕರನ್ನೂ ಅದು ಕಟ್ಟಿಹಾಕದು. ಕೆಲಸ ಹೋದವರು ಸಾಮಾನ್ಯವಾಗಿ ಆಡುವ ಮಾತು ‘ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎಂಬುದು. ಮಾಲೀಕರು ಒಪ್ಪದೆ ಹೀಗೆ ಮುರಿಯುವ ಹಕ್ಕು ಬಾಡಿಗೆದಾರರಿಗಿಲ್ಲ, ಏಕೆಂದರೆ ಮನೆಗೆ ಆಗುವ ಹಾನಿ, ವಿದ್ಯುತ್ ಬಾಕಿ ಇವಕ್ಕೆಲ್ಲ ಅವರಿಗಿರುವ ಭದ್ರತೆ ಅದೊಂದೇ. ಬಾಕಿ ಬೆಳೆದ ಮೇಲೆ ಕೇಳಿದರೆ ಜಗಳ. ಕೆಲಸ ಹೋದ ವಾರವೇ ಕೇಳಿದರೆ ಒಪ್ಪುವ ಮಾಲೀಕರು ಕಡಿಮೆಯೇನಿಲ್ಲ. ಅನೇಕ ಮಾಲೀಕರು ನಿವೃತ್ತರು, ಕೆಳಗಿನ ಮನೆಯಲ್ಲಿದ್ದು ಮೇಲಿನ ಮನೆಯ ಬಾಡಿಗೆಯಲ್ಲಿ ಔಷಧಿ ಕೊಳ್ಳುವವರು. ಅವರಿಗೂ ಈ ಐದನೇ ತಾರೀಕು ಬೇಕು. ಬಾಡಿಗೆದಾರರು ಮುಖ ತಪ್ಪಿಸಿ ಓಡಾಡಿದರೆ ಅವರಿಗೆ ಅನುಮಾನ ಬರುತ್ತದೆ, ವಿಷಯ ತಿಳಿಸಿದರೆ ಒಂದು ಏರ್ಪಾಟಿಗೆ ದಾರಿಯಾಗುತ್ತದೆ.

ಆ ಏರ್ಪಾಟು ಕಾಗದದ ಮೇಲಿರಬೇಕು: ಎಷ್ಟು ತಿಂಗಳು, ಅಡ್ವಾನ್ಸ್‌ನಲ್ಲಿ ಎಷ್ಟು, ಯಾವ ದಿನ ಮನೆ ಬಿಡುವುದು, ಉಳಿದದ್ದು ಯಾವ ದಿನ ವಾಪಸ್. ಊಹಿಸಿಕೊಂಡ ಕುಟುಂಬದ 1,08,000 ರೂಪಾಯಿಯಲ್ಲಿ, ಬಣ್ಣ ಬಳಿಸಲೆಂದು ರೂಢಿಯಂತೆ ಒಂದು ತಿಂಗಳ ಬಾಡಿಗೆ ಹಿಡಿದರೆ ಉಳಿಯುವುದು 90,000. ಅದು ಐದು ತಿಂಗಳ ಸೂರು. ಅಥವಾ ಈಗಲೇ 9,000 ಬಾಡಿಗೆಯ ಸಣ್ಣ ಮನೆಗೆ ಹೋದರೆ, ಅಲ್ಲಿನ ಆರು ತಿಂಗಳ ಮುಂಗಡ 54,000 ಕೊಟ್ಟು ಕೈಯಲ್ಲಿ 36,000, ಅಂದರೆ ನಾಲ್ಕು ತಿಂಗಳ ಬಾಡಿಗೆ. ಎರಡನೆಯ ದಾರಿಯಲ್ಲಿ ಅವಧಿ ಮುಗಿದ ಮೇಲೂ 54,000 ರೂಪಾಯಿ ಉಳಿದಿರುತ್ತದೆ. ಸಾಮಾನು ಸಾಗಿಸುವ ಖರ್ಚು, ಶಾಲೆಯ ದೂರ ಇವನ್ನು ಕಳೆದರೂ ಬೇಗ ಸಣ್ಣ ಮನೆಗೆ ಹೋಗುವುದೇ ಹೆಚ್ಚು ಸಲ ಲಾಭ. ಕೆಲಸದ ಗುರುತಿನ ಚೀಟಿ ಕೇಳದೆ ಮನೆ ಕೊಡುವವರು ವಿರಳವಾದ್ದರಿಂದ, ಬಾಕಿ ಇಲ್ಲದ ಹಳೆಯ ಮಾಲೀಕರ ಒಂದು ಒಳ್ಳೆಯ ಮಾತು ಆಗ ದೊಡ್ಡ ಆಸರೆ.

ಭೋಗ್ಯದ ಮನೆಯ ಕಥೆ ಬೇರೆ. ಬೆಂಗಳೂರಿನವರು ‘ಲೀಸ್’ ಎನ್ನುವ ಈ ಪದ್ಧತಿಯಲ್ಲಿ ಲಕ್ಷಗಟ್ಟಲೆ ಮೊತ್ತವನ್ನು ಒಮ್ಮೆಗೇ ಕೊಟ್ಟರೆ ತಿಂಗಳ ಬಾಡಿಗೆ ಇರುವುದಿಲ್ಲ. ಕೆಲಸ ಹೋದಾಗ ಇದು ವರ. ಐದನೇ ತಾರೀಕಿನ ಭಯವಿಲ್ಲ. ಅಪಾಯ ಬರುವುದು ಮಾಲೀಕರ ಕಡೆಯಿಂದ. ಅವರ ಗೃಹಸಾಲ ಕೆಟ್ಟರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕುತ್ತದೆ. ಅಡಮಾನಕ್ಕಿಂತ ಮೊದಲೇ ಆದ, ಕ್ರಮಬದ್ಧ ಕರಾರಿಗೆ ರಕ್ಷಣೆಯಿದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2016ರ ತಿದ್ದುಪಡಿಯಿಂದ ಬಾಡಿಗೆದಾರರೂ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ನೋಂದಾಯಿಸದ ಛಾಪಾ ಕಾಗದದ ಮೇಲೆ ಇಡೀ ಜೀವನದ ಉಳಿತಾಯ ಕೊಟ್ಟವರಿಗೆ ಈ ರಕ್ಷಣೆ ತಲುಪುವುದು ಕಷ್ಟ. ಅಂಥ ಮನೆಯಲ್ಲಿ ಮಾಲೀಕರು ದಿವಾಳಿಯಾದರೆ ಬೀದಿಗೆ ಬರುವುದು ಭೋಗ್ಯ ಹಾಕಿಕೊಂಡವರು.

ಸಾಲಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಚೆಕ್ಕಿನ ಮೇಲೆ ನಿಂತ ಸಾಲಕ್ಕೆ. ಚೆಕ್ ಬೌನ್ಸ್ ಆಗಿ, ನೋಟಿಸ್ ಬಂದ 15 ದಿನಗಳಲ್ಲಿ ಹಣ ಕೊಡದಿದ್ದರೆ ಅದು ಕ್ರಿಮಿನಲ್ ಪ್ರಕರಣ. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ದುಪ್ಪಟ್ಟು ದಂಡದವರೆಗೆ ಶಿಕ್ಷೆಯಿದೆ. ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ಹಿಂತಿರುಗಿದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಅದೇ ಶಿಕ್ಷೆ ಹೇಳುತ್ತದೆ. ಆದ್ದರಿಂದ ಕಂತು ತಪ್ಪುವ ಮೊದಲೇ ಕೆಲಸ ಹೋದ ಪತ್ರವನ್ನು ಲಗತ್ತಿಸಿ, ಅವಧಿ ವಿಸ್ತರಿಸಿ ಕಂತು ಇಳಿಸಿಕೊಡಲು ಬ್ಯಾಂಕಿಗೆ ಬರೆಯಬೇಕು. 90 ದಿನ ಬಾಕಿ ನಿಂತರೆ ಸಾಲ ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ. ಮಾತುಕತೆಗೆ ಒಳ್ಳೆಯ ಕಾಲ ಅದಕ್ಕಿಂತ ಮೊದಲು. ಕಾರ್ಡಿನ ಕನಿಷ್ಠ ಮೊತ್ತ ಕಟ್ಟುತ್ತ ಹೋಗುವುದು ಎಲ್ಲಕ್ಕಿಂತ ದುಬಾರಿ ದಾರಿ: ಅಸಲು ಅಲ್ಲಾಡುವುದಿಲ್ಲ, ಊಹಿಸಿಕೊಂಡ ಕುಟುಂಬದ ಲೆಕ್ಕದಲ್ಲಿ ವರ್ಷಕ್ಕೆ 63,000 ರೂಪಾಯಿ ಬಡ್ಡಿ ಹೋಗಿರುತ್ತದೆ. ಅದು ಮೂರೂವರೆ ತಿಂಗಳ ಬಾಡಿಗೆ.

ಕೈಸಾಲ, ಮೀಟರ್ ಬಡ್ಡಿ, ಫೋನಿನಲ್ಲಿ ಐದು ನಿಮಿಷಕ್ಕೆ ಸಿಗುವ ಆ್ಯಪ್ ಸಾಲ ಇವುಗಳ ಕಡೆ ಕೈ ಚಾಚುವುದು ಸಾಮಾನ್ಯವಾಗಿ ಬಾಡಿಗೆ ಕಟ್ಟಲೆಂದೇ. ಅಲ್ಲಿಂದ ಮುಂದೆ ಅವಮಾನದ ಕಾಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಕೂಡದು, ಬೆದರಿಸಕೂಡದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಖಚಿತವಾಗಿ ಹೇಳಿತು. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರ ಬಳಿ ಉಚಿತವಾಗಿ ಹೋಗಬಹುದು. ಮೈಕ್ರೊ ಫೈನಾನ್ಸ್ ಕಿರುಕುಳದಿಂದ ಹಳ್ಳಿ ಪಟ್ಟಣಗಳಲ್ಲಿ ಜನ ಮನೆ ತೊರೆದು ಹೋದಾಗ ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು ಬಳಿಕ ಅದನ್ನೇ ಕಾಯ್ದೆ ಮಾಡಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿದೆ. ಬಾಡಿಗೆ ಮನೆಯಲ್ಲಿರುವವರಿಗೆ ಈ ಕಿರುಕುಳ ಇನ್ನೊಂದು ರೀತಿಯಲ್ಲಿ ತಟ್ಟುತ್ತದೆ: ವಸೂಲಿಯವರು ಗೇಟಿನ ಬಳಿ ನಿಂತು ಕೂಗಾಡಿದರೆ ಮಾಲೀಕರು ‘ಮನೆ ಖಾಲಿ ಮಾಡಿ’ ಎನ್ನುತ್ತಾರೆ.

ಸಾಲ ತೀರಿಸದಿದ್ದರೆ ಜೈಲು ಎಂಬ ಬೆದರಿಕೆ ಹೆಚ್ಚಿನ ಮಟ್ಟಿಗೆ ಸುಳ್ಳು. ಡಿಕ್ರಿ ಹಣಕ್ಕಾಗಿ ಸಿವಿಲ್ ಜೈಲಿಗೆ ಕಳಿಸುವ ಅವಕಾಶ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ ನಿಜ. ಆದರೆ ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದವರಿಗೆ ಮಾತ್ರ ಅದು, ಬಡತನ ಅಪರಾಧವಲ್ಲ ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಬಿಡಿಸಿ ಹೇಳಿದರು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಜಪ್ತಿಗೂ ಮಿತಿಗಳಿವೆ. ಸಂಹಿತೆಯ 60ನೇ ಸೆಕ್ಷನ್ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣ, ಧರ್ಮದ ರೂಢಿಯಂತೆ ಹೆಣ್ಣುಮಕ್ಕಳು ತೆಗೆದಿಡಲಾಗದ ಒಡವೆಗಳನ್ನು ಮುಟ್ಟಲು ಬಿಡುವುದಿಲ್ಲ. ಹೊಸ ಕೆಲಸ ಸಿಕ್ಕರೆ ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಸುರಕ್ಷಿತ. ಬಾಡಿಗೆ ಮನೆಯಲ್ಲಿರುವ ಕುಟುಂಬದ ಮನೆಸಾಮಾನೆಲ್ಲ ಹೆಚ್ಚು ಕಡಿಮೆ ಈ ಪಟ್ಟಿಯಲ್ಲೇ ಬರುತ್ತದೆ.

ಯಾವ ದಾರಿಯೂ ಇಲ್ಲದಾಗ ಉಳಿಯುವುದು ದಿವಾಳಿ ಅರ್ಜಿ. ಕನ್ನಡದಲ್ಲಿ ಇದಕ್ಕೆ ‘ಪಾಪರ್ ಚೀಟಿ’ ಎಂಬ ಹಳೆಯ ಮಾತಿದೆ. ದಿಕ್ಕಿಲ್ಲದ ಬಡವ ಎಂಬರ್ಥದ ಇಂಗ್ಲಿಷ್ ಪದ ಕೋರ್ಟಿನಿಂದ ಊರಿಗೆ ಬಂದು ಬೈಗುಳವಾಗಿ ಉಳಿಯಿತು. ಆ ಮಾತಿನ ಜೊತೆ ಅಂಟಿಕೊಂಡ ನಾಚಿಕೆಯಿಂದಲೇ ಜನ ನ್ಯಾಯಾಲಯಕ್ಕೆ ಹೋಗುವ ಬದಲು ಊರು ಬಿಟ್ಟಿದ್ದಾರೆ, ಜೀವವನ್ನೂ ಕಳೆದುಕೊಂಡಿದ್ದಾರೆ. ಕಾನೂನಿನ ಕಣ್ಣಲ್ಲಿ ಅದು ಇದ್ದುದನ್ನು ಸಾಲ ಕೊಟ್ಟ ಎಲ್ಲರಿಗೂ ನ್ಯಾಯವಾಗಿ ಹಂಚಿ, ಪ್ರಾಮಾಣಿಕರನ್ನು ಬಿಡುಗಡೆ ಮಾಡುವ ವ್ಯವಸ್ಥೆ.

ಸಾಮಾನ್ಯ ಜನರಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಸಾಲ ಕನಿಷ್ಠ 500 ರೂಪಾಯಿ ಇದ್ದು ತೀರಿಸಲಾಗದವರು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ನೂರು ವರ್ಷದ ಹಿಂದಿನ ಆ 500 ಹಾಗೆಯೇ ಉಳಿದಿದೆ. ಸಾಲ, ಆಸ್ತಿ, ಸಾಲ ಕೊಟ್ಟವರ ಪೂರ್ತಿ ಪಟ್ಟಿ ಕೊಡಬೇಕು. ನ್ಯಾಯಾಲಯ ದಿವಾಳಿ ಎಂದು ಘೋಷಿಸಿದ ಮೇಲೆ ಆಸ್ತಿ ರಿಸೀವರ್ ಕೈಗೆ ಹೋಗುತ್ತದೆ, ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ಹೊಸ ದಾವೆ ಹೂಡುವಂತಿಲ್ಲ, ಬಂಧನದಿಂದ ರಕ್ಷಣೆ ಕೇಳಬಹುದು. ಬಳಿಕ ನ್ಯಾಯಾಲಯ ಗೊತ್ತುಮಾಡಿದ ಅವಧಿಯೊಳಗೆ ಬಿಡುಗಡೆಗೆ ಅರ್ಜಿ ಹಾಕಬೇಕು. ಇದನ್ನು ಮರೆತರೆ ಘೋಷಣೆಯೇ ರದ್ದಾಗಿ ಮೊದಲಿನ ಜಾಗಕ್ಕೆ ಬಂದು ನಿಲ್ಲಬೇಕಾಗುತ್ತದೆ. ಬಿಡುಗಡೆ ಸಿಕ್ಕರೂ ಸರ್ಕಾರಿ ಬಾಕಿ, ಮೋಸದಿಂದಾದ ಸಾಲ, ಜೀವನಾಂಶ ತೀರುವುದಿಲ್ಲ. ಬಿಡುಗಡೆ ಆಗುವವರೆಗೆ ಶಾಸಕ, ಸಂಸದರಾಗುವಂತಿಲ್ಲ. ಇದು ಹೆಚ್ಚಿನವರಿಗೆ ತಟ್ಟುವ ಮಾತಲ್ಲ.

ಬಾಡಿಗೆದಾರರಿಗೆ ಇಲ್ಲಿ ಎರಡು ಮುಳ್ಳುಗಳಿವೆ. ಮಾಲೀಕರ ಬಳಿಯಿರುವ ಅಡ್ವಾನ್ಸ್ ಕೂಡ ದಿವಾಳಿಯಾದವರ ಆಸ್ತಿ. ಬಾಕಿ ಬಾಡಿಗೆಯನ್ನು ಮುರಿದುಕೊಂಡು ಉಳಿದದ್ದನ್ನು ಮಾಲೀಕರು ರಿಸೀವರಿಗೆ ಒಪ್ಪಿಸಬೇಕಾಗುತ್ತದೆ. ಅದನ್ನು ನಂಬಿ ಬೇರೆ ಮನೆ ನೋಡಿದ್ದರೆ ಕೆಟ್ಟಂತೆ. ಎರಡನೆಯದು, ಬಾಕಿ ಬಾಡಿಗೆ ಸಾಲವಾದ್ದರಿಂದ ಅದು ಹಂಚಿಕೆಗೆ ಸೇರುತ್ತದೆ, ಆದರೆ ಮನೆ ಬಿಡಿಸುವ ಮಾಲೀಕರ ಹಕ್ಕು ಸಾಲವಲ್ಲ. ದಿವಾಳಿ ಆದೇಶ ಮನೆಯನ್ನು ಉಳಿಸಿಕೊಡುವುದಿಲ್ಲ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಉಳಿದವರನ್ನು ಬಿಟ್ಟು ಭಾವಮೈದುನನಿಗೋ ಗೆಳೆಯನಿಗೋ ಮಾತ್ರ ಸಾಲ ತೀರಿಸಿದ್ದರೆ, ಎರಡು ವರ್ಷದೊಳಗೆ ಆಸ್ತಿಯನ್ನು ನೆಂಟರ ಹೆಸರಿಗೆ ದಾನವಾಗಿ ಬರೆದಿದ್ದರೆ, ನ್ಯಾಯಾಲಯ ಅದನ್ನು ರದ್ದು ಮಾಡಬಹುದು.

2016ರ ದಿವಾಳಿ ಸಂಹಿತೆ ಇದಕ್ಕಿಂತ ಒಳ್ಳೆಯದೊಂದು ದಾರಿ ಬರೆದಿಟ್ಟಿತ್ತು. ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದ, ಸ್ವಂತ ಮನೆಯಿಲ್ಲದವರಿಗೆ ಸಾಲ ಮನ್ನಾ ಮಾಡಿ ಹೊಸ ಆರಂಭ ಕೊಡುವ ಅಧ್ಯಾಯವದು. ಸ್ವಂತ ಮನೆ ಇರಬಾರದು ಎಂಬುದು ಅದರ ಷರತ್ತುಗಳಲ್ಲಿ ಒಂದು. ಅಂದರೆ ಕಾನೂನು ಬರೆದವರ ಕಣ್ಣ ಮುಂದಿದ್ದವರು ಬಾಡಿಗೆ ಮನೆಯ, ಜೋಪಡಿಯ ಬಡವರೇ. ಮಿತಿಗಿಂತ ಹೆಚ್ಚು ಸಾಲವಿದ್ದವರಿಗೆ, ಅರ್ಜಿ ಹಾಕಿದ ಕೂಡಲೇ ವಸೂಲಿ ನಿಂತು ಮರುಪಾವತಿಯ ಯೋಜನೆ ಮಾಡಿಕೊಳ್ಳುವ ಅಧ್ಯಾಯವೂ ಇದೆ. ಆದರೆ ವ್ಯಕ್ತಿಗಳಿಗೆ ಸಂಬಂಧಿಸಿದ ಆ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಸಾವಿರಾರು ಕೋಟಿಯ ಜಾಮೀನುದಾರರಿಗೆ ತೆರೆದ ಬಾಗಿಲು 35,000 ರೂಪಾಯಿ ಸಾಲದವರಿಗೆ ಮುಚ್ಚಿಯೇ ಇದೆ. ಕಾನೂನು ಪುಸ್ತಕದಲ್ಲಿದ್ದೂ ಕೈಗೆ ಸಿಗದ ಈ ಅಧ್ಯಾಯವನ್ನು, ಮೊತ್ತಗಳನ್ನು ಇಂದಿನ ಬೆಲೆಗೆ ಏರಿಸಿ, ಜಾರಿಗೆ ತರುವುದು ಬಾಕಿ ಉಳಿದ ಕೆಲಸ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರು, ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಬ್ಯಾಂಕ್ ಸಾಲ, ಬಾಡಿಗೆ ತಕರಾರು ಎರಡನ್ನೂ ಲೋಕ ಅದಾಲತ್ತಿನಲ್ಲಿ ಶುಲ್ಕವಿಲ್ಲದೆ ಬಗೆಹರಿಸಿಕೊಳ್ಳಬಹುದು.

ಮನೆ ಬಿಡುವ ದಿನದ ಕೆಲಸಗಳು ಸಣ್ಣವು, ಆದರೆ ಹಣದವು. ಖಾಲಿ ಕೋಣೆಗಳ ಚಿತ್ರ, ವಿದ್ಯುತ್ ಮತ್ತು ನೀರಿನ ಮೀಟರಿನ ಅಂಕಿ ತೆಗೆದಿಟ್ಟುಕೊಂಡು, ಕೀಲಿಕೈ ಒಪ್ಪಿಸಿದ್ದಕ್ಕೂ ಅಡ್ವಾನ್ಸ್ ಲೆಕ್ಕಕ್ಕೂ ಮಾಲೀಕರ ಸಹಿ ಪಡೆಯಬೇಕು. ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಇರುವುದರಿಂದ ಹಳೆಯ ಮೀಟರಿನಿಂದ ಆಧಾರ್ ಬಿಡಿಸಿ ಹೊಸ ಮನೆಗೆ ಜೋಡಿಸಬೇಕು. ಕೊನೆಯದಾಗಿ, ಹೊಸ ವಿಳಾಸವನ್ನು ಸಾಲ ಕೊಟ್ಟ ಪ್ರತಿಯೊಂದು ಸಂಸ್ಥೆಗೂ ಬರೆದು ತಿಳಿಸಬೇಕು. ವಸೂಲಿಯವರಿಂದ ತಪ್ಪಿಸಿಕೊಳ್ಳಲೆಂದು ಇದನ್ನು ಮುಚ್ಚಿಡುವವರೇ ಹೆಚ್ಚು. ಸಾಲದ ಕರಾರಿನಲ್ಲಿರುವ ಹಳೆಯ ವಿಳಾಸಕ್ಕೆ ನೋಟಿಸ್ ಹೋಗಿ, ಬೀಗ ಹಾಕಿದೆ ಎಂಬ ಷರಾದೊಂದಿಗೆ ಹಿಂತಿರುಗಿ, ಮಧ್ಯಸ್ಥಗಾರರು ಅಥವಾ ನ್ಯಾಯಾಲಯ ಏಕಪಕ್ಷೀಯವಾಗಿ ಆದೇಶ ಮಾಡಿಬಿಟ್ಟರೆ, ಹೊಸ ಕೆಲಸದ ಮೊದಲ ಸಂಬಳ ಬರುವ ಹೊತ್ತಿಗೆ ಅದರ ಜಪ್ತಿ ಆದೇಶವೂ ಕಂಪನಿಗೆ ತಲುಪಿರುತ್ತದೆ.